ಪೀಪಿ ಊದುವ ಮೊದಲು ಒಂದು ಹಾಡು

ಎಲ್ಲರಿಗೂ ನಮಸ್ಕಾರ.

‘ಕ್ರೀಡೆ ಮತ್ತು ರಾಷ್ಟ್ರಗೀತೆ’ ಎಂದು ಆಹ್ವಾನ ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದೀರಿ. ಅದನ್ನು ನೋಡಿ ದೇಶಭಕ್ತಿಯ ಭಾಷಣ ಕೇಳೋಣ ಅಂತ ಬಂದವರು ಇರಬಹುದು. ಇವನೇನೋ ತಕರಾರು ತೆಗೆಯುತ್ತಾನೆ, ನೋಡೋಣ ಅಂತ ಬಂದವರೂ ಇರಬಹುದು. ಇಬ್ಬರಿಗೂ ಸ್ವಲ್ಪ ನಿರಾಸೆ ಆದೀತು. ಈ ವಿಷಯ ನನ್ನ ತಲೆಗೆ ಹೊಕ್ಕಿದ್ದು ಒಂದು ಶೂವಿನಿಂದ.

ಬಹಳ ವರ್ಷಗಳ ಹಿಂದೆ ಒಂದು ಅಥ್ಲೆಟಿಕ್ ಕೂಟದಲ್ಲಿ ಮೈಕ್ ಮುಂದೆ ಕೂತು ಫಲಿತಾಂಶ ಓದುವ ಕೆಲಸ ನನ್ನದಾಗಿತ್ತು. ಮುಖ್ಯ ಅತಿಥಿಗಳು ತಡವಾಗಿ ಬಂದರು. ಅವರು ವೇದಿಕೆ ಹತ್ತಿದ್ದೇ ತಡ, ಯಾರೋ ಗಡಿಬಿಡಿಯಲ್ಲಿ ರಾಷ್ಟ್ರಗೀತೆ ಹಾಕಿಬಿಟ್ಟರು. ಅತ್ತ ಲಾಂಗ್‌ಜಂಪ್ ಅರ್ಹತಾ ಸುತ್ತು ಆಗಲೇ ಅರ್ಧ ಮುಗಿದಿತ್ತು. ಆಗಷ್ಟೇ ಹಾರಿ ಬಂದ ಹುಡುಗಿಯೊಬ್ಬಳು ಗುಂಡಿಯ ಪಕ್ಕದಲ್ಲಿ ಕೂತು ಶೂ ಬಿಚ್ಚಿ ಮರಳು ಕೊಡವುತ್ತಿದ್ದಳು. ಮೊದಲ ಸ್ವರ ಕಿವಿಗೆ ಬಿದ್ದಿದ್ದೇ ದಡಕ್ಕನೆ ಎದ್ದು ನಿಂತಳು. ಒಂದು ಕಾಲಿಗೆ ಶೂ, ಇನ್ನೊಂದು ಕಾಲು ಬರಿದು, ಬಿಚ್ಚಿದ ಶೂ ಎಡಗೈಯಲ್ಲಿ. ಅದರಿಂದ ಮರಳು ಸಣ್ಣಗೆ ಸುರಿಯುತ್ತಲೇ ಇತ್ತು. ಅವಳು ಮಾತ್ರ ಅಲುಗಲಿಲ್ಲ. ಗೀತೆ ಮುಗಿದ ಮೇಲೆ ಸಂಘಟಕರೊಬ್ಬರು ಅವಳ ಹತ್ತಿರ ಹೋಗಿ, “ಕೈಯಲ್ಲಿ ಶೂ ಹಿಡ್ಕೊಂಡು ನಿಲ್ತಾರೇನಮ್ಮ? ಗೌರವ ಬೇಡ್ವಾ?” ಅಂತ ಗದರಿದರು. ಅವಳ ಮುಂದಿನ ಜಿಗಿತ ಫೌಲ್ ಆಯಿತು. ಇನ್ನು ವೇದಿಕೆಯ ಮೇಲೆ, ಗೀತೆ ನಡೆಯುತ್ತಿರುವಾಗಲೇ, ಮುಖ್ಯ ಅತಿಥಿಗಳು ಪಕ್ಕದವರ ಕಿವಿಯಲ್ಲಿ ಏನೋ ಪಿಸುಗುಟ್ಟಿ ನಗುತ್ತಿದ್ದರು. ಅವರನ್ನು ಯಾರೂ ಗದರಲಿಲ್ಲ.

ಆ ಹುಡುಗಿ ಗೌರವ ಕೊಟ್ಟಳೋ ಇಲ್ಲವೋ ಅನ್ನುವುದು ನನಗೆ ಪ್ರಶ್ನೆಯೇ ಅಲ್ಲ. ಅರ್ಹತಾ ಸುತ್ತಿನ ನಡುವೆ ರಾಷ್ಟ್ರಗೀತೆಗೆ ಅಲ್ಲೇನು ಕೆಲಸ ಇತ್ತು, ಅದು ನನ್ನ ಪ್ರಶ್ನೆ. ಅಂದಿನಿಂದ ಹುಡುಕುತ್ತಾ ಹೋದೆ. ಈ ಹಾಡು ಆಟದ ಅಂಗಳಕ್ಕೆ ಬಂದಿದ್ದು ಯಾವಾಗ, ಕರೆತಂದವರು ಯಾರು?

ಆಟ ಹುಟ್ಟಿದಾಗಿನಿಂದ ಇದು ಇದೆ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಹಾಗೇನಿಲ್ಲ. ಎರಡು ಸಂದರ್ಭ ಹೇಳುತ್ತೇನೆ.

ಮೊದಲನೆಯದು 1905ರ ಡಿಸೆಂಬರ್ 16, ಕಾರ್ಡಿಫ್ ನಗರ. ವೇಲ್ಸ್ ಮತ್ತು ನ್ಯೂಜಿಲೆಂಡ್ ನಡುವೆ ರಗ್ಬಿ ಪಂದ್ಯ. ನ್ಯೂಜಿಲೆಂಡಿನವರು ಎಂದಿನಂತೆ ತೊಡೆ ತಟ್ಟಿ, ನೆಲ ಗುದ್ದಿ ‘ಹಾಕಾ’ ಕುಣಿದರು. ಎದುರಾಳಿ ಎದೆಗೆ ಎದೆ ಕೊಟ್ಟು ಕುಣಿದಾಗ ಸುಮ್ಮನೆ ನಿಂತು ನೋಡುವುದು ಕಷ್ಟ. ವೇಲ್ಸ್‌ನವರಿಗೆ ಕುಣಿತ ಗೊತ್ತಿಲ್ಲ, ಆದರೆ ಹಾಡು ಗೊತ್ತು. ಟೆಡ್ಡಿ ಮಾರ್ಗನ್ ಎಂಬ ಆಟಗಾರ ‘ನಮ್ಮ ಹಿರಿಯರ ನಾಡು’ ಎಂಬ ಅರ್ಥದ ವೆಲ್ಷ್ ಗೀತೆಯನ್ನು ಎತ್ತಿಕೊಂಡ. ತಂಡ ದನಿಗೂಡಿಸಿತು, ಆಮೇಲೆ ಸಾವಿರಾರು ಜನ. ಪಂದ್ಯಕ್ಕೆ ಮೊದಲು ನಾಡಿನ ಗೀತೆ ಹಾಡಿದ ಮೊದಲ ಅಂತರರಾಷ್ಟ್ರೀಯ ಸಂದರ್ಭ ಇದೇ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ವೇಲ್ಸ್ 3-0ಯಿಂದ ಗೆದ್ದಿತು. ಆ ಮೂರು ಅಂಕ ತಂದ ಏಕೈಕ ‘ಟ್ರೈ’, ಅಂದರೆ ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸಿದ್ದು, ಅದೇ ಮಾರ್ಗನ್‌ನದು. ಅಂದು ಬ್ಯಾಂಡ್‌ನವರು ನುಡಿಸಿದರೆಂದು ಜನ ಎದ್ದು ನಿಂತದ್ದಲ್ಲ ಎನ್ನುವುದನ್ನು ಸ್ವಲ್ಪ ಗಮನಿಸಿ. ಜನವೇ ಹಾಡಿದರು, ಎದುರಿನವನಿಗೆ ಜವಾಬು ಕೊಡಲು ಹಾಡಿದರು.

ಎರಡನೆಯದು 1918ರ ಸೆಪ್ಟೆಂಬರ್ 5, ಶಿಕಾಗೊ. ಬೇಸ್‌ಬಾಲ್ ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯ. ಅಮೆರಿಕ ಮೊದಲ ಮಹಾಯುದ್ಧದೊಳಗೆ ಕಾಲಿಟ್ಟು ಒಂದೂವರೆ ವರ್ಷವಾಗಿತ್ತು. ಹಿಂದಿನ ದಿನವಷ್ಟೇ ಅದೇ ಊರಿನ ಸರ್ಕಾರಿ ಕಟ್ಟಡದಲ್ಲಿ ಬಾಂಬ್ ಸಿಡಿದು ನಾಲ್ವರು ಸತ್ತಿದ್ದರು. ಕ್ರೀಡಾಂಗಣದಲ್ಲಿ ಜನ ಬಾಯಿ ಬಿಡದೆ ಕೂತಿದ್ದರು. ಏಳನೇ ಇನಿಂಗ್ಸ್‌ನಲ್ಲಿ ಕಾಲು ಸಡಿಲಿಸಿಕೊಳ್ಳಲು ಎಲ್ಲರೂ ಏಳುವ ರೂಢಿ ಇದೆ. ಆ ಬಿಡುವಿನಲ್ಲಿ ಬ್ಯಾಂಡ್‌ನವರು ‘ಸ್ಟಾರ್ ಸ್ಪ್ಯಾಂಗಲ್ಡ್ ಬ್ಯಾನರ್’ ನುಡಿಸಿದರು. ನೌಕಾಪಡೆಯಿಂದ ರಜೆ ಪಡೆದು ಆಡಲು ಬಂದಿದ್ದ ಫ್ರೆಡ್ ಥಾಮಸ್ ಬಾವುಟದತ್ತ ತಿರುಗಿ ಸೆಲ್ಯೂಟ್ ಹೊಡೆದ. ಅವನನ್ನು ನೋಡಿ ಉಳಿದವರು ಟೋಪಿ ತೆಗೆದು ನಿಂತರು. ಒಂದೊಂದೇ ಗಂಟಲು ಸೇರಿಕೊಂಡಿತು. ಅಂದು ಚೆಂಡು ಎಸೆದವನು ಬೇಬ್ ರೂತ್, ಬಾಸ್ಟನ್ 1-0ಯಿಂದ ಗೆದ್ದಿತು. ಆದರೂ ಮರುದಿನದ ಪತ್ರಿಕೆಯಲ್ಲಿ ಆಟಕ್ಕಿಂತ ಹಾಡಿನ ಮಾತೇ ಮುಂದಿತ್ತು. ತಮಾಷೆ ಏನೆಂದರೆ ಆ ಹಾಡು ಆಗಿನ್ನೂ ಅಮೆರಿಕದ ಅಧಿಕೃತ ರಾಷ್ಟ್ರಗೀತೆ ಆಗಿರಲಿಲ್ಲ. ಆದದ್ದು 1931ರಲ್ಲಿ. ಮೈದಾನ ಮೊದಲು ಒಪ್ಪಿಕೊಂಡಿತು, ಸಂಸತ್ತು ಆಮೇಲೆ.

ಸರಣಿ ಬಾಸ್ಟನ್‌ಗೆ ಹೋದಾಗ ಅಲ್ಲಿನವರು ಹಾಡನ್ನು ಆಟದ ಆರಂಭಕ್ಕೇ ತಂದರು. ಜನ ಬರುತ್ತಾರೆ ಅನ್ನುವ ವ್ಯಾಪಾರದ ಲೆಕ್ಕವೂ ಇತ್ತೆನ್ನಿ. ಎರಡನೇ ಮಹಾಯುದ್ಧದ ಹೊತ್ತಿಗೆ ಪ್ರತಿ ಪಂದ್ಯಕ್ಕೂ ನುಡಿಸುವ ಪದ್ಧತಿ ಬಂತು. ಯುದ್ಧ ಮುಗಿಯಿತು, ಸೈನಿಕರು ಮನೆಗೆ ಬಂದರು, ಹಾಡು ಮಾತ್ರ ಮೈದಾನದಲ್ಲೇ ಉಳಿಯಿತು. ಬಂದ ನೆಂಟ ಮನೆಯವನೇ ಆಗಿಬಿಟ್ಟ.

ಒಲಿಂಪಿಕ್ಸ್‌ನ ಕಥೆ ಬೇರೆ. ಅಲ್ಲಿ ಹಾಡಿಗೆ ಜಾಗ ಸಿಕ್ಕಿದ್ದು ಆಟ ಮುಗಿದ ಮೇಲೆ. ಮೂರು ಮೆಟ್ಟಿಲಿನ ವಿಜಯವೇದಿಕೆ ಬಂದದ್ದು 1932ರಲ್ಲಿ. ಗೆದ್ದವನು ನಡುವೆ, ಎತ್ತರದಲ್ಲಿ. ಅವನ ದೇಶದ ಬಾವುಟ, ಅವನ ದೇಶದ ಹಾಡು. ಒಲಿಂಪಿಕ್ ಸನ್ನದಿನಲ್ಲೋ, ಸ್ಪರ್ಧೆ ಕ್ರೀಡಾಪಟುಗಳ ನಡುವೆಯೇ ಹೊರತು ದೇಶಗಳ ನಡುವೆ ಅಲ್ಲ ಎಂದು ಸ್ಪಷ್ಟವಾಗಿ ಬರೆದಿದೆ! ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷರಾಗಿದ್ದ ಏವರಿ ಬ್ರಂಡೇಜ್ ಅವರಿಗೆ ಈ ವಿರೋಧಾಭಾಸ ಚುಚ್ಚುತ್ತಿತ್ತು. ರಾಷ್ಟ್ರಗೀತೆ ತೆಗೆದುಹಾಕಿ ಕಹಳೆ ಊದಿಸೋಣ ಎನ್ನುವ ಕಡೆ ಅವರ ಒಲವು. ಅದು ನಡೆಯಲಿಲ್ಲ.

ನಡೆಯದಿದ್ದದ್ದೇ ಒಳ್ಳೆಯದಾಯಿತು ಅನ್ನುವವನು ನಾನು. ಕಾರಣ ಕೇಳಿದರೆ ಒಬ್ಬ ಮನುಷ್ಯನ ಕಥೆ ಹೇಳಬೇಕಾಗುತ್ತದೆ.

1936ರ ಆಗಸ್ಟ್ 9, ಬರ್ಲಿನ್. ಮ್ಯಾರಥಾನ್ ಗೆದ್ದವನ ಹೆಸರು ಫಲಿತಾಂಶ ಪಟ್ಟಿಯಲ್ಲಿ ಕಿತೈ ಸೋನ್, ಜಪಾನ್ ಎಂದಿತ್ತು. ಅವನ ನಿಜವಾದ ಹೆಸರು ಸೋನ್ ಕೀ-ಚುಂಗ್, ಊರು ಕೊರಿಯಾ. ಕೊರಿಯಾ ಆಗ ಜಪಾನಿನ ವಸಾಹತು. ಮೂರನೆಯವನಾಗಿ ಬಂದ ನಾಮ್ ಸುಂಗ್-ಯೋಂಗ್ ಕೂಡ ಕೊರಿಯಾದವನೇ. ವೇದಿಕೆಯ ಮೇಲೆ ಜಪಾನಿನ ಗೀತೆ ‘ಕಿಮಿಗಾಯೊ’ ಮೊಳಗಿತು, ಬಾವುಟ ಏರಿತು. ಆ ಫೋಟೊ ನೋಡಿಲ್ಲದವರು ಒಮ್ಮೆ ಹುಡುಕಿ ನೋಡಿ. ಗೆದ್ದ ಇಬ್ಬರೂ ತಲೆ ತಗ್ಗಿಸಿ ನಿಂತಿದ್ದಾರೆ, ಸೋತು ಬಂದವರ ಹಾಗೆ. ಚಿನ್ನ ಗೆದ್ದವರಿಗೆ ಆ ಕೂಟದಲ್ಲಿ ಓಕ್ ಮರದ ಸಸಿಯೊಂದನ್ನು ಕುಂಡದಲ್ಲಿಟ್ಟು ಕೊಡುತ್ತಿದ್ದರು. ಸೋನ್ ಆ ಕುಂಡವನ್ನು ಎದೆಗೆ ಒತ್ತಿಕೊಂಡಿದ್ದಾನೆ. ಅಂಗಿಯ ಮೇಲಿನ ಜಪಾನಿನ ಸೂರ್ಯ ಕಾಣದ ಹಾಗೆ. ಪಾಪ, ನಾಮ್‌ಗೆ ಮರೆಮಾಡಿಕೊಳ್ಳಲು ಸಸಿ ಇರಲಿಲ್ಲ. ಸೋನ್ ಚಿನ್ನ ಗೆದ್ದದ್ದಕ್ಕಲ್ಲ, ಆ ಸಸಿ ಸಿಕ್ಕಿದ್ದಕ್ಕೆ ಹೊಟ್ಟೆಕಿಚ್ಚು ಆಗಿತ್ತು ಅಂತ ಅವನು ಮುಂದೆ ಹೇಳಿಕೊಂಡ. ಸೋಲ್‌ನ ‘ಡೋಂಗ್-ಆ ಇಲ್ಬೊ’ ಪತ್ರಿಕೆ ಅಂಗಿಯ ಮೇಲಿನ ಬಾವುಟವನ್ನು ಅಳಿಸಿ ಫೋಟೊ ಅಚ್ಚು ಮಾಡಿತು. ವಸಾಹತು ಸರ್ಕಾರ ಪತ್ರಕರ್ತರನ್ನು ಹಿಡಿದು ಜೈಲಿಗೆ ಹಾಕಿತು, ತಿಂಗಳುಗಟ್ಟಲೆ ಪತ್ರಿಕೆಯನ್ನೇ ನಿಲ್ಲಿಸಿತು. ಅದೇ ಬರ್ಲಿನ್‌ನಲ್ಲಿ ಧ್ಯಾನ್‌ಚಂದ್ ನಾಯಕತ್ವದ ಹಾಕಿ ತಂಡ ಜರ್ಮನಿಯನ್ನು 8-1ರಿಂದ ಸೋಲಿಸಿ ಚಿನ್ನ ಗೆದ್ದಾಗಲೂ ಏರಿದ್ದು ಬ್ರಿಟಿಷ್ ಆಳ್ವಿಕೆಯ ಬಾವುಟವೇ.

ಇನ್ನೊಬ್ಬರ ಹಾಡಿಗೆ ನಿಲ್ಲಬೇಕಾದ ಗೆಲುವು ಹೇಗಿರುತ್ತದೆ ಅಂತ ಸೋನ್‌ಗೆ ಗೊತ್ತು. ಕಥೆ ಅಲ್ಲಿಗೇ ನಿಲ್ಲುವುದಿಲ್ಲ. 1992ರ ಬಾರ್ಸಿಲೋನಾ ಒಲಿಂಪಿಕ್ಸ್. ಮ್ಯಾರಥಾನ್ ದಿನ ಮತ್ತೆ ಆಗಸ್ಟ್ 9. ಮೊಂಟ್ಯುಯಿಕ್ ಗುಡ್ಡದ ಏರಿನಲ್ಲಿ ಜಪಾನಿನ ಮೊರಿಶಿತಾನನ್ನು ಹಿಂದೆ ಹಾಕಿ ಗೆದ್ದವನು ಕೊರಿಯಾದ ಹ್ವಾಂಗ್ ಯಂಗ್-ಚೋ. ಮೂರನೆಯವನು ಜರ್ಮನಿಯವನು. ಅಂದರೆ ಏರಿದ ಬಾವುಟಗಳು ಮೂರು: ಕೊರಿಯಾ, ಜಪಾನ್, ಜರ್ಮನಿ. ಈ ಸಲ ಹಾಡು ಕೊರಿಯಾದ್ದು. 80ರ ಅಂಚಿನಲ್ಲಿದ್ದ ಸೋನ್ ಅಂದು ಪ್ರೇಕ್ಷಕರ ನಡುವೆ ಕೂತಿದ್ದರು. ಯಾವ ಕಾದಂಬರಿಕಾರನಾದರೂ ಹೀಗೆ ಬರೆದರೆ, ಇದು ಅತಿಯಾಯಿತು ಮಾರಾಯ ಅನ್ನುತ್ತಿದ್ದೆವು. ಬ್ರಂಡೇಜ್ ಹೇಳಿದಂತೆ ಬರೀ ಕಹಳೆ ಊದಿಬಿಟ್ಟಿದ್ದರೆ ಆ 56 ವರ್ಷದ ಲೆಕ್ಕ ಚುಕ್ತಾ ಆಗುವ ಜಾಗ ಯಾವುದಿತ್ತು?

ಆದ್ದರಿಂದ ಹಾಡೇ ಬೇಡ ಅನ್ನುವವರ ಪೈಕಿ ನಾನಲ್ಲ.

ಆದರೆ ಹಾಡು ಇದ್ದ ಕಡೆ ಅದಕ್ಕೆ ಒಪ್ಪದ ಮನುಷ್ಯನೂ ಇರುತ್ತಾನೆ. ಎಲ್ಲರಿಗೂ ಗೊತ್ತಿರುವ ಚಿತ್ರ 1968ರ ಮೆಕ್ಸಿಕೊ ಸಿಟಿಯದು. 200 ಮೀಟರ್ ಓಟವನ್ನು 19.83 ಸೆಕೆಂಡಿನ ವಿಶ್ವದಾಖಲೆಯಲ್ಲಿ ಗೆದ್ದ ಅಮೆರಿಕದ ಕರಿಯ ಓಟಗಾರ ಟಾಮಿ ಸ್ಮಿತ್, ಮೂರನೆಯವನಾದ ಅದೇ ದೇಶದ ಜಾನ್ ಕಾರ್ಲೋಸ್, ಇಬ್ಬರೂ ತಮ್ಮ ದೇಶದ ಗೀತೆ ಮೊಳಗುವಾಗ ತಲೆ ತಗ್ಗಿಸಿ ಕಪ್ಪು ಗವಸಿನ ಮುಷ್ಟಿ ಮೇಲೆತ್ತಿದರು. ಕರಿಯರ ಬಡತನ ತೋರಿಸಲು ಶೂ ಕಳಚಿ ಕಪ್ಪು ಕಾಲುಚೀಲದಲ್ಲಿ ನಿಂತಿದ್ದರು. ಸ್ಮಿತ್‌ನದು ಬಲಗೈ, ಕಾರ್ಲೋಸ್‌ನದು ಎಡಗೈ. ಯಾಕೆಂದರೆ ಕಾರ್ಲೋಸ್ ತನ್ನ ಗವಸು ಮರೆತು ಬಂದಿದ್ದ. ಇರುವ ಒಂದು ಜೊತೆಯನ್ನೇ ಹಂಚಿಕೊಳ್ಳಿ ಅಂದವನು ಎರಡನೆಯ ಸ್ಥಾನದ ಆಸ್ಟ್ರೇಲಿಯನ್, ಪೀಟರ್ ನಾರ್ಮನ್. ನನ್ನ ಕಣ್ಣು ಸದಾ ಹೋಗುವುದು ಅವನ ಕಡೆಗೇ. ಕೈ ಕೆಳಗೆ, ನೋಟ ನೇರ, ಯಾವ ನಿಯಮವನ್ನೂ ಮುರಿದಿಲ್ಲ. ಎದೆಯ ಮೇಲೆ ಮಾತ್ರ ಅವರಿಬ್ಬರ ಮಾನವ ಹಕ್ಕು ಹೋರಾಟದ ಬಿಲ್ಲೆ. ಸ್ಮಿತ್, ಕಾರ್ಲೋಸ್ ಇಬ್ಬರನ್ನೂ ಕೂಟದಿಂದ ಹೊರಗೆ ಹಾಕಿದರು. ನಾರ್ಮನ್‌ಗೆ ಮುಂದಿನ ಒಲಿಂಪಿಕ್ಸ್‌ಗೆ ಕರೆ ಬರಲಿಲ್ಲ. 2006ರಲ್ಲಿ ಅವನು ತೀರಿಕೊಂಡಾಗ ಅವರಿಬ್ಬರೂ ಆಸ್ಟ್ರೇಲಿಯಾಕ್ಕೆ ಬಂದು ಶವಪೆಟ್ಟಿಗೆಗೆ ಹೆಗಲು ಕೊಟ್ಟರು. 2012ರಲ್ಲಿ ಅಲ್ಲಿನ ಸಂಸತ್ತು ಅವನ ಕ್ಷಮೆ ಕೇಳಿತು, ಕೇಳಿಸಿಕೊಳ್ಳಲು ಅವನೇ ಇರಲಿಲ್ಲ.

ಅದೇ ಕೂಟದಲ್ಲಿ ಇನ್ನೊಂದು ನಡೆಯಿತು, ಅದರ ಮಾತು ಕಡಿಮೆ. ಎರಡು ತಿಂಗಳ ಹಿಂದೆಯಷ್ಟೇ ಸೋವಿಯತ್ ಟ್ಯಾಂಕುಗಳು ಚೆಕೊಸ್ಲೊವಾಕಿಯಾಕ್ಕೆ ನುಗ್ಗಿದ್ದವು. ಆ ದೇಶದ ಜಿಮ್ನಾಸ್ಟ್ ವೇರಾ ಚಾಸ್ಲಾವ್ಸ್ಕಾ ಸೋವಿಯತ್ ಗೀತೆ ಮೊಳಗಿದಾಗ ತಲೆ ತಗ್ಗಿಸಿ ಮುಖ ಪಕ್ಕಕ್ಕೆ ತಿರುಗಿಸಿದಳು. ಅಷ್ಟೇ. ಕೈ ಎತ್ತಲಿಲ್ಲ, ಕೂಗಲಿಲ್ಲ. ಕತ್ತು ಇಷ್ಟು ಹೊರಳಿದ್ದಕ್ಕೆ ಊರಿಗೆ ಹೋದ ಮೇಲೆ ವರ್ಷಗಟ್ಟಲೆ ಬೆಲೆ ತೆತ್ತಳು.

ಇವೆಲ್ಲ ದೊಡ್ಡವರ ಕಥೆ ಆಯಿತು. ಈಗ ನನಗೆ ನಿಜವಾಗಿ ಕಿರಿಕಿರಿ ಮಾಡುವ ಜಾಗಕ್ಕೆ ಬರುತ್ತೇನೆ: ಲೀಗ್ ಪಂದ್ಯ.

ದೇಶದ ತಂಡ ಆಡುವಾಗ ದೇಶದ ಹಾಡು ಇದ್ದರೆ ಅದಕ್ಕೊಂದು ಅರ್ಥ ಇದೆ. ಒಂದು ಕ್ಲಬ್ ಇನ್ನೊಂದು ಕ್ಲಬ್ ಜೊತೆ ಆಡುವಾಗ? ಅಮೆರಿಕದ ಬ್ಯಾಸ್ಕೆಟ್‌ಬಾಲ್, ಬೇಸ್‌ಬಾಲ್ ತಂಡಗಳಲ್ಲಿ ಸರ್ಬಿಯಾದವರು, ಡೊಮಿನಿಕನ್ನರು, ಜಪಾನೀಯರು ಇದ್ದಾರೆ. ಅವರೂ ಋತುವಿಡೀ, ಬೇಸ್‌ಬಾಲ್ ಆದರೆ 162 ಪಂದ್ಯ, ತಮ್ಮದಲ್ಲದ ಹಾಡಿಗೆ ನಿಲ್ಲುತ್ತಾರೆ. ಐಸ್ ಹಾಕಿಯಲ್ಲಿ ಕೆನಡಾದ ತಂಡ ಅಮೆರಿಕದ ತಂಡದ ಎದುರು ಆಡಿದರೆ ಎರಡೂ ಗೀತೆ. 2025ರ ಫೆಬ್ರುವರಿಯಲ್ಲಿ ಆಮದು ಸುಂಕದ ಜಗಳ ಶುರುವಾದಾಗ ಕೆನಡಾದ ಕ್ರೀಡಾಂಗಣಗಳಲ್ಲಿ ಅಮೆರಿಕದ ಗೀತೆಗೆ ಜನ ‘ಬೂ’ ಅಂದರು. ಸುಂಕಕ್ಕೂ ಐಸ್ ಹಾಕಿಗೂ ಏನು ಸಂಬಂಧ? ಏನೂ ಇಲ್ಲ. ಹಾಡು ಸಂಬಂಧ ಕಲ್ಪಿಸಿತು. ಇತ್ತ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಫುಟ್‌ಬಾಲ್‌ನ ಸಾಮಾನ್ಯ ಪಂದ್ಯಗಳಿಗೆ ರಾಷ್ಟ್ರಗೀತೆಯೇ ಇಲ್ಲ. ಅದರಿಂದ ಇಂಗ್ಲಿಷರ ದೇಶಪ್ರೇಮ ಕುಗ್ಗಿದೆ ಎಂದು ಯಾರೂ ಅಳಲಿಲ್ಲ.

ಇನ್ನು ದುಡ್ಡಿನ ವಿಚಾರ. 2015ರಲ್ಲಿ ಅಮೆರಿಕದ ಸೆನೆಟರುಗಳಾದ ಜಾನ್ ಮೆಕೇನ್ ಮತ್ತು ಜೆಫ್ ಫ್ಲೇಕ್ ಒಂದು ವರದಿ ಹೊರತಂದರು. ಕ್ರೀಡಾ ತಂಡಗಳೊಂದಿಗೆ ರಕ್ಷಣಾ ಇಲಾಖೆ ಮಾಡಿಕೊಂಡ 68 ಲಕ್ಷ ಡಾಲರ್ ಮೊತ್ತದ ಒಪ್ಪಂದಗಳ ಲೆಕ್ಕ ಅದರಲ್ಲಿತ್ತು. ಬಾವುಟ ಹಿಡಿಯುವುದು, ಸೈನಿಕರ ಸನ್ಮಾನ, ಕೆಲವು ಕಡೆ ರಾಷ್ಟ್ರಗೀತೆ ಹಾಡಿಸುವುದು, ಇವು ಒಪ್ಪಂದದ ಭಾಗವಾಗಿದ್ದವು. ಮೆಕೇನ್ ಯಾರು? ವಿಯೆಟ್ನಾಂನಲ್ಲಿ ಐದು ವರ್ಷಕ್ಕೂ ಹೆಚ್ಚು ಕಾಲ ಯುದ್ಧಕೈದಿಯಾಗಿದ್ದ ಮನುಷ್ಯ. ಕಣ್ಣು ತುಂಬಿಕೊಂಡು ಎದ್ದು ನಿಂತ ಪ್ರೇಕ್ಷಕನಿಗೆ ತಾನು ನೋಡುತ್ತಿರುವುದು ಜಾಹೀರಾತು ಅಂತ ಗೊತ್ತೇ ಇರಲಿಲ್ಲವಲ್ಲ ಎನ್ನುವುದು ಅವರ ಸಿಟ್ಟು. ಅಮೆರಿಕನ್ ಫುಟ್‌ಬಾಲ್‌ನ ಲೀಗ್ ಆದ ಎನ್‌ಎಫ್‌ಎಲ್ 7 ಲಕ್ಷಕ್ಕೂ ಹೆಚ್ಚು ಡಾಲರ್ ವಾಪಸ್ ಕೊಟ್ಟಿತು.

ವಾಪಸ್ ಕೊಟ್ಟದ್ದು 2016ರಲ್ಲಿ. ಅದೇ ವರ್ಷ ಅದೇ ಲೀಗ್‌ನಲ್ಲಿ ಕಾಲಿನ್ ಕೆಪರ್ನಿಕ್ ಎಂಬ ಆಟಗಾರ, ಕರಿಯರ ಮೇಲಿನ ಪೊಲೀಸ್ ದೌರ್ಜನ್ಯ ಪ್ರತಿಭಟಿಸಿ ಗೀತೆಯ ಹೊತ್ತಿನಲ್ಲಿ ಬೆಂಚಿನ ಮೇಲೆ ಕೂತ. ನೇಟ್ ಬೋಯರ್ ಎಂಬ ಮಾಜಿ ಸೈನಿಕ ಅವನಿಗೆ ಪತ್ರ ಬರೆದ, ಆಮೇಲೆ ಇಬ್ಬರೂ ಭೇಟಿಯಾಗಿ ಮಾತಾಡಿದರು. ಕೂರುವುದಕ್ಕಿಂತ ಒಂದು ಮಂಡಿ ಊರುವುದು ಮೇಲು, ಸತ್ತ ಗೆಳೆಯರ ಸಮಾಧಿಯ ಮುಂದೆ ಸೈನಿಕರು ಹಾಗೇ ಮಾಡುತ್ತಾರೆ ಎಂದು ಹೇಳಿದ್ದು ಆ ಸೈನಿಕನೇ. ಕೆಪರ್ನಿಕ್ ಮಂಡಿ ಊರಿದ. ಆ ಋತು ಮುಗಿದ ಮೇಲೆ ಯಾವ ತಂಡವೂ ಅವನನ್ನು ತೆಗೆದುಕೊಳ್ಳಲಿಲ್ಲ. ಮುಂದಿನ ನಾಲ್ಕೈದು ವರ್ಷ ಆ ದೇಶದಲ್ಲಿ ಆಟ ಒತ್ತಟ್ಟಿಗಿರಲಿ, ಹಾಡಿಗೆ ಯಾರು ನಿಂತರು, ಯಾರು ಊರಿದರು ಎನ್ನುವುದೇ ಸುದ್ದಿ. ಡಲ್ಲಾಸ್‌ನ ಬ್ಯಾಸ್ಕೆಟ್‌ಬಾಲ್ ತಂಡ ಸದ್ದಿಲ್ಲದೆ ತನ್ನ ಪಂದ್ಯಗಳಲ್ಲಿ ಗೀತೆ ನುಡಿಸುವುದನ್ನೇ ಬಿಟ್ಟಿತ್ತು. ಹತ್ತಕ್ಕೂ ಹೆಚ್ಚು ಪಂದ್ಯ ಕಳೆಯುವವರೆಗೆ ಯಾರ ಗಮನಕ್ಕೂ ಬರಲಿಲ್ಲ! 2021ರ ಫೆಬ್ರುವರಿಯಲ್ಲಿ ಸುದ್ದಿಯಾಯಿತು, ಲೀಗ್ ಕಣ್ಣು ಕೆಂಪು ಮಾಡಿತು, ಹಾಡು ಮತ್ತೆ ಬಂತು. ಇಲ್ಲದಾಗ ಇಲ್ಲವೆಂದೇ ತಿಳಿಯದ ವಸ್ತುವಿಗಾಗಿ ಇಷ್ಟು ಗಲಾಟೆ.

ಪದೇ ಪದೇ ಮಾಡಿದ್ದು ಅಭ್ಯಾಸವಾಗುತ್ತದೆ. ಅಭ್ಯಾಸದಲ್ಲಿ ಭಕ್ತಿ ತೆಳುವಾಗುತ್ತದೆ, ಆಗ ಅದನ್ನು ತೂಗಿ ನೋಡುವ ತಕ್ಕಡಿ ಹೊರಗೆ ಬರುತ್ತದೆ. ಯಾರು ಎದೆಗೆ ಕೈ ಇಟ್ಟ, ಯಾರ ತುಟಿ ಅಲುಗಲಿಲ್ಲ ಎಂದು ಕ್ಯಾಮೆರಾ ಸಾಲಾಗಿ ಮುಖಗಳ ಮೇಲೆ ಹರಿಯುತ್ತದೆ. ಹಾಜರಿ ತೆಗೆದುಕೊಂಡ ಹಾಗೆ.

ಸ್ವಲ್ಪ ಹಗುರ ಮಾಡಿಕೊಳ್ಳೋಣ. ನುಡಿಸಲೇಬೇಕು ಅನ್ನುವವರು ಸರಿಯಾದದ್ದನ್ನಾದರೂ ನುಡಿಸಬೇಕಲ್ಲ? 2003ರ ಡೇವಿಸ್ ಕಪ್ ಟೆನಿಸ್ ಫೈನಲ್, ಮೆಲ್ಬರ್ನ್. ಕಹಳೆಗಾರ ಸ್ಪೇನ್ ಗೀತೆಯೆಂದು ನುಡಿಸಿದ್ದು 1930ರ ದಶಕದ ಗಣರಾಜ್ಯದ ಗೀತೆ. ಈಗಿರುವುದೋ ರಾಜನ ದೇಶ. ಸ್ಪೇನ್ ಕ್ರೀಡಾ ಮಂತ್ರಿ ಕೆಂಡಾಮಂಡಲ. 2012ರಲ್ಲಿ ಕುವೈತ್‌ನ ಶೂಟಿಂಗ್ ಕೂಟದಲ್ಲಿ ಕಜಕಸ್ತಾನದ ಚಿನ್ನದ ಹುಡುಗಿಗೆ ನುಡಿಸಿದ್ದು, ಆ ದೇಶವನ್ನು ಲೇವಡಿ ಮಾಡುವ ಹಾಸ್ಯ ಸಿನಿಮಾದ ನಕಲಿ ಗೀತೆ. ಇಂಟರ್ನೆಟ್‌ನಿಂದ ಇಳಿಸಿಕೊಂಡಿದ್ದರಂತೆ. ಆಕೆ ಎದೆಯ ಮೇಲೆ ಕೈ ಇಟ್ಟು ಕೊನೆಯವರೆಗೂ ನಿಂತಳು. 2016ರ ಕೋಪಾ ಅಮೆರಿಕ ಫುಟ್‌ಬಾಲ್‌ನಲ್ಲಿ ಉರುಗ್ವೆಯವರಿಗೆ ಚಿಲಿಯ ಗೀತೆ. ಆಟಗಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಹಾಡು ಯಾವುದೆಂದೇ ತೀರ್ಮಾನವಾಗದ ತಂಡಗಳೂ ಇವೆ. ಎರಡು ಜರ್ಮನಿಗಳು 1956ರಿಂದ 1964ರವರೆಗೆ ಒಲಿಂಪಿಕ್ಸ್‌ಗೆ ಒಂದೇ ತಂಡವಾಗಿ ಬಂದಾಗ ಯಾರ ಗೀತೆ ಎಂಬ ಜಗಳ ಬಿಡಿಸಿದ್ದು ಬೀಥೊವನ್, ಅವನ ಒಂಬತ್ತನೇ ಸಿಂಫನಿ. ಐರ್ಲೆಂಡ್ ರಗ್ಬಿ ತಂಡದಲ್ಲಿ ಐರ್ಲೆಂಡ್ ಗಣರಾಜ್ಯ, ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡ್, ಹೀಗೆ ಗಡಿಯ ಎರಡೂ ಕಡೆಯವರು ಇರುವುದರಿಂದ 1995ರಲ್ಲಿ ಅವರಿಗೆಂದೇ ಹೊಸ ಹಾಡು ಬರೆಸಿದರು. ಫಾರ್ಮುಲಾ ಒನ್‌ನಲ್ಲಿ ಚಾಲಕನ ದೇಶದ್ದು ಒಂದು, ತಂಡದ ದೇಶದ್ದು ಒಂದು. ಶೂಮಾಕರ್ ಫೆರಾರಿ ಓಡಿಸಿ ಗೆದ್ದಾಗಲೆಲ್ಲ ಜರ್ಮನ್ ಗೀತೆ ಮುಗಿದು ಇಟಲಿಯದು ಶುರುವಾದರೆ, ಅವನು ವೇದಿಕೆಯ ಮೇಲೇ ವಾದ್ಯಗೋಷ್ಠಿ ನಡೆಸುವವನ ಹಾಗೆ ಕೈ ಆಡಿಸುತ್ತಿದ್ದ. ಯಾರಿಗೂ ಅವಮಾನ ಆಗಲಿಲ್ಲ, ಇಟಲಿಯವರಿಗಂತೂ ಕುಣಿದಾಡುವಷ್ಟು ಖುಷಿ.

ನನ್ನ ನಿಲುವು ಇಷ್ಟೇ. ದೇಶ ದೇಶದ ಎದುರು ಆಡುವಾಗ ಹಾಡು ಇರಲಿ. ಗೆದ್ದವರಿಗಂತೂ ಖಂಡಿತ ಇರಲಿ, ಅದು ಸಂಪಾದಿಸಿದ ಹಾಡು. ಕ್ಲಬ್ಬು, ಲೀಗು, ಅರ್ಹತಾ ಸುತ್ತು, ಉದ್ಘಾಟನೆಗೆ ತಡವಾಗಿ ಬಂದ ಅತಿಥಿ, ಇವಕ್ಕೆಲ್ಲ ಬೇಡ. ಹಾಡು ಇದ್ದ ಕಡೆ ಆಟಗಾರನ ತುಟಿ ಕಾಯುವ ಕೆಲಸ ಯಾರಿಗೂ ಬೇಡ. ತಾನಾಗಿ ಬಂದಾಗ ಅದಕ್ಕೆಷ್ಟು ಕಸುವು ಇದೆ ಅಂತ ನೋಡಬೇಕಾದರೆ 2014ರ ಬ್ರೆಜಿಲ್ ವಿಶ್ವಕಪ್ ನೋಡಿ. ಫೀಫಾ ನಿಯಮದಂತೆ 90 ಸೆಕೆಂಡಿಗೆ ವಾದ್ಯ ನಿಂತಿತು. ಜನ ನಿಲ್ಲಿಸಲಿಲ್ಲ. ಆಟಗಾರರೂ ನಿಲ್ಲಿಸಲಿಲ್ಲ. ವಾದ್ಯವಿಲ್ಲದೆ ಬರೀ ಗಂಟಲಲ್ಲಿ ಇಡೀ ಕ್ರೀಡಾಂಗಣ ಉಳಿದ ಸಾಲುಗಳನ್ನು ಹಾಡಿ ಮುಗಿಸಿತು. ರೆಫರಿ ಪೀಪಿ ಕೈಯಲ್ಲಿ ಹಿಡಿದು ಕಾದ.

ಮಾತು ಮುಗಿದ ಮೇಲೆ ಹಿರಿಯರೊಬ್ಬರು ಎದ್ದು ಕೇಳಿದರು: “ಎಲ್ಲ ಸರಿ ಸ್ವಾಮಿ, ದೇಶದ ಅಂಗಿ ತೊಟ್ಟವನು ಬಾಯಿ ಮುಚ್ಚಿ ನಿಂತರೆ ಏನನ್ನಬೇಕು?” ನ್ಯಾಯವಾದ ಪ್ರಶ್ನೆ. ಅಲ್ಲಿ ಕೊಟ್ಟ ಉತ್ತರವನ್ನೇ ಇಲ್ಲೂ ಬರೆಯುತ್ತೇನೆ.

ಮುಚ್ಚಿದ ಬಾಯಿಗೆ ಒಂದೇ ಅರ್ಥ ಇಲ್ಲ. ಧಾರ್ಮಿಕ ನಂಬಿಕೆಯ ಕಾರಣಕ್ಕೆ ಶಾಲೆಯಲ್ಲಿ ಗೀತೆ ಹಾಡದೆ, ಆದರೆ ಎದ್ದು ನಿಲ್ಲುತ್ತಿದ್ದ ಮಕ್ಕಳ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟ್ 1986ರಲ್ಲೇ ಹೇಳಿದೆ, ಗೌರವದಿಂದ ನಿಂತರೆ ಸಾಕು, ಹಾಡದಿರುವುದು ಅಗೌರವ ಅಲ್ಲ ಎಂದು. 2022ರ ನವೆಂಬರ್ 21ರಂದು ಕತಾರ್ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ಎದುರಿನ ಪಂದ್ಯಕ್ಕೆ ಮೊದಲು ಇರಾನಿನ 11 ಜನವೂ ಬಾಯಿ ಮುಚ್ಚಿ ನಿಂತಿದ್ದರು. ಊರಲ್ಲಿ ಬೀದಿಗಿಳಿದಿದ್ದ ಹೆಣ್ಣುಮಕ್ಕಳ ಪರವಾಗಿ ಅಂತ ಜಗತ್ತೇ ಅರ್ಥ ಮಾಡಿಕೊಂಡಿತು. ನಾಲ್ಕು ದಿನದ ನಂತರ ವೇಲ್ಸ್ ಎದುರು ಅವರೇ ತುಟಿ ಅಲುಗಿಸಿದರು, ಮುಖ ಮಾತ್ರ ಹಾಡುತ್ತಿರಲಿಲ್ಲ. ಯಾವ ದಿನ ದೇಶದ ಮೇಲೆ ಪ್ರೀತಿ ಹೆಚ್ಚಿತ್ತು ಅಂತ ನನ್ನನ್ನು ಕೇಳಬೇಡಿ.

ಇನ್ನು 2010ರ ಜುಲೈ 11, ಜೊಹಾನೆಸ್‌ಬರ್ಗ್, ವಿಶ್ವಕಪ್ ಫೈನಲ್. ರಾಷ್ಟ್ರಗೀತೆಗೆ ಸ್ಪೇನ್ ತಂಡ ಸಾಲಾಗಿ ನಿಂತಿತು. ಹಾಡಿನ ಸಾಲು ಒಬ್ಬನ ಬಾಯಲ್ಲೂ ಇಲ್ಲ. ಸ್ಪೇನ್ ಗೀತೆಗೆ ಪದಗಳೇ ಇಲ್ಲ, ಬರೀ ಧಾಟಿ. ಎರಡು ವರ್ಷ ಮೊದಲು ಸ್ಪರ್ಧೆ ಇಟ್ಟು ಸಾಹಿತ್ಯ ಬರೆಸಿದ್ದರು. ಜನ ಮುಖ ಸಿಂಡರಿಸಿದ ಕೂಡಲೇ ವಾಪಸ್ ತೆಗೆದುಕೊಂಡರು. ಎದುರಿಗಿದ್ದ ಡಚ್ಚರ ಗೀತೆಗೆ 15 ನುಡಿ. ಹೆಚ್ಚುವರಿ ಅವಧಿಯ ಕೊನೆಗೆ ಇನಿಯೆಸ್ತಾ ಒಂದು ಗೋಲು ಹೊಡೆದ, ಕಪ್ ಸ್ಪೇನಿಗೆ ಹೋಯಿತು.